ಸೈಟಿನ ಅಗ್ರಿಮೆಂಟ್ ಬೇರೆ, ಕ್ರಯಪತ್ರ ಬೇರೆ

ತ್ಯಾಮಗೊಂಡ್ಲು, ದಾಬಸ್‌ಪೇಟೆ, ನೆಲಮಂಗಲದ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಸೈಟಿನ ಕಲ್ಲುಗಳು ಕಾಣುತ್ತವೆ. ಅಂಗಡಿಯಲ್ಲಿ ಉಳಿಸಿದ ಹಣ, ಚೀಟಿ ಎತ್ತಿದ ಹಣ, ಒಡವೆ ಮಾರಿದ ಹಣ ಇಲ್ಲಿಗೆ ಬರುತ್ತದೆ. ಕಾಗದಪತ್ರಗಳು ಕನ್ನಡದಲ್ಲಿರುತ್ತವೆ. ಉರ್ದು ಮಾತಾಡುವ ನಮ್ಮಂಥ ಮನೆಗಳಲ್ಲಿ ಅವನ್ನು ಓದಿ ಹೇಳುವ ಕೆಲಸ ಬಹಳ ಸಲ ಕಾಲೇಜಿಗೆ ಹೋಗುವ ಮಕ್ಕಳದ್ದೇ. ಆದ್ದರಿಂದ ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಈ ವಿಷಯವನ್ನು ಸರಿಯಾಗಿ ತಿಳಿದಿರಬೇಕು.

ಅಗ್ರಿಮೆಂಟ್ ಎಂದರೇನು?

ಮುಂಗಡ (ನಮ್ಮ ಮನೆಮಾತಿನಲ್ಲಿ ಬಯಾನಾ) ಕೊಟ್ಟು ಬರೆಸುವ ಕ್ರಯದ ಕರಾರು ಒಂದು ಮಾತು ಮಾತ್ರ: ಮುಂದೆ ಮಾರುತ್ತೇನೆ, ಮುಂದೆ ಕೊಳ್ಳುತ್ತೇನೆ ಎಂಬ ಮಾತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಕರಾರಿನಿಂದಲೇ ಸ್ವತ್ತಿನ ಮೇಲೆ ಹಕ್ಕು ಬರುವುದಿಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಗೆ ನೋಂದಾಯಿತ ಕ್ರಯಪತ್ರ ಆಗಲೇಬೇಕು. ಜಿ.ಪಿ.ಎ. ಬರೆಸಿಕೊಂಡರೆ ಸಾಕು ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಮುಂಗಡ ಕೊಡುವ ಮೊದಲು ನೋಡಬೇಕಾದದ್ದು

1. ಪಹಣಿ ಮತ್ತು ಹಳೆಯ ಪತ್ರಗಳು: ಜಮೀನು ಯಾರ ಹೆಸರಿನಲ್ಲಿದೆ, ಪಾಲುದಾರರು ಯಾರು? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ.

2. ಭೂಪರಿವರ್ತನೆ ಆದೇಶ ಮತ್ತು ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ: ಇವಿಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ್ದನ್ನೇ ಜನ ರೆವಿನ್ಯೂ ಸೈಟ್ ಎನ್ನುತ್ತಾರೆ. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಇದೇ.

3. ಇ-ಸ್ವತ್ತು: ಗ್ರಾಮ ಪಂಚಾಯಿತಿ ಸೈಟಿಗೆ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ಅದನ್ನು 11ಎ ಎಂದು ತಿಳಿಯಬೇಡಿ.

4. ಋಣಭಾರ ಪ್ರಮಾಣಪತ್ರ (ಇ.ಸಿ.): ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಇದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಮಾಲೀಕ ಇನ್ನೊಬ್ಬರಿಗೆ ನೋಂದಣಿ ಇಲ್ಲದ ಅಗ್ರಿಮೆಂಟ್ ಮಾಡಿಕೊಟ್ಟಿದ್ದರೆ ಇ.ಸಿ.ಯಲ್ಲಿ ಬರುವುದಿಲ್ಲ.

5. ರೇರಾ ಸಂಖ್ಯೆ: 500 ಚದರ ಮೀಟರಿಗಿಂತ ದೊಡ್ಡ ಹೊಸ ಬಡಾವಣೆ ನೋಂದಣಿಯಾಗಿರಬೇಕು. ಅಂಥ ಕಡೆ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಕರಾರಿನಲ್ಲಿ ಏನಿರಬೇಕು?

ಸರ್ವೆ ನಂಬರ್, ಸೈಟ್ ನಂಬರ್, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಒಟ್ಟು ಬೆಲೆ, ಕೊಟ್ಟ ಮುಂಗಡ, ಬಾಕಿ, ಕ್ರಯಪತ್ರ ಮಾಡಿಕೊಡುವ ಕೊನೆಯ ದಿನಾಂಕ ಇರಬೇಕು. ಮಾರುವವರು ತಪ್ಪಿದರೆ ಮುಂಗಡ ಯಾವಾಗ ವಾಪಸ್, ಕೊಳ್ಳುವವರು ತಪ್ಪಿದರೆ ಏನು ಎಂಬುದೂ ಬರೆದಿರಬೇಕು. ಕರಾರನ್ನು ನೋಂದಣಿ ಮಾಡಿಸುವುದು ಒಳ್ಳೆಯದು. ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ.

ಖರ್ಚಿನ ಲೆಕ್ಕ

30×40 ಸೈಟ್ ಎಂದರೆ 1,200 ಚದರ ಅಡಿ. ಚದರ ಅಡಿಗೆ 1,000 ರೂ. ಎಂದು ಇಟ್ಟುಕೊಂಡರೆ ಬೆಲೆ 12 ಲಕ್ಷ.

ಮುದ್ರಾಂಕ ಶುಲ್ಕ ಶೇ. 5: 60,000
ಅದರ ಮೇಲೆ ಸೆಸ್ ಶೇ. 10: 6,000
ಸರ್ಚಾರ್ಜ್ (ಗ್ರಾಮಾಂತರ) ಶೇ. 3: 1,800
ನೋಂದಣಿ ಶುಲ್ಕ ಶೇ. 2 (ಆಗಸ್ಟ್ 31, 2025ರಿಂದ): 24,000
ಒಟ್ಟು: 91,800 ರೂ.

ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಈ ಹಣವನ್ನು ಮೊದಲೇ ತೆಗೆದಿಡದವರು ಕ್ರಯಪತ್ರವನ್ನು ಮುಂದೂಡುತ್ತಾರೆ, ಕರಾರಿನ ದಿನಾಂಕ ದಾಟುತ್ತದೆ. ದಿನಾಂಕ ನಿಗದಿಯಾಗಿದ್ದರೆ ಕರಾರು ಜಾರಿಗೆ ಕೋರ್ಟಿಗೆ ಹೋಗಲು ಆ ದಿನದಿಂದ 3 ವರ್ಷ ಮಾತ್ರ ಸಮಯ.

ನೆಂಟರು, ಪರಿಚಯದವರು ಎಂದು ಬರೆಸಿಕೊಳ್ಳಲು ಸಂಕೋಚ ಪಡುವವರು ನಮ್ಮಲ್ಲಿ ಬಹಳ. ಆದರೆ ಕುರ್‌ಆನಿನ ಅತ್ಯಂತ ದೀರ್ಘ ಆಯತ್ (ಸೂರಾ ಅಲ್-ಬಕರಾ, 282) ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಬಗ್ಗೆಯೇ ಇದೆ. ಬರೆಸುವುದು ಅಪನಂಬಿಕೆಯಲ್ಲ.

18 ತುಂಬದ ನಾವು ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಕರಾರು ಮಾಡಿಕೊಳ್ಳುವಂತಿಲ್ಲ. ಆದರೆ ಓದಬಹುದು. ಮನೆಗೆ ಇಂಥ ಕಾಗದ ಬಂದರೆ ಮೇಲಿನ ಐದು ಅಂಶ ನೋಡಿ, ಅಬ್ಬಾ, ಅಮ್ಮಿಗೆ ಓದಿ ಹೇಳಿ, ವಕೀಲರಿಗೆ ತೋರಿಸಿದ ಮೇಲೆ ಬಯಾನಾ ಕೊಡಲಿ.