ಟ್ಯಾಲಿ ಓಡುತ್ತಿದ್ದ ಕಂಪ್ಯೂಟರ್‌ನಲ್ಲಿ ವೈಫೈ ಕಂಟ್ರೋಲರ್

ಆ ಶುಕ್ರವಾರ ಸಂಜೆ ಹೋಮ್‌ಸ್ಟೇಯಲ್ಲಿ ವೈಫೈ ಹೋದದ್ದು ನನ್ನಿಂದ ಅಂತ ಭಾವ ಇವತ್ತಿಗೂ ನೆಂಟರಿಷ್ಟರ ಮುಂದೆ ಹೇಳುತ್ತಾರೆ. ಆಕ್ಸೆಸ್ ಪಾಯಿಂಟುಗಳನ್ನೆಲ್ಲ ಒಟ್ಟಿಗೇ ರೀಸೆಟ್ ಮಾಡಿಸಿದ್ದು ಅವರೇ. ಮೊದಲು ಒಂದನ್ನು ಮಾಡಿ ನೋಡೋಣ ಅಂತ ನಾನು ಹೇಳಿದ್ದೆ. "ಏಣಿ ಹೊತ್ತು ತಂದಾಗಿದೆಯಲ್ಲ ಮಾರಾಯ, ಎಲ್ಲ ಮುಗಿಸಿಬಿಡು" ಅಂದವರು ಯಾರು? ಅಕ್ಕನೇ ಸಾಕ್ಷಿ.

ಸಕಲೇಶಪುರದ ಆಚೆ, ಕಾಫಿ ತೋಟದೊಳಗಿನ ಹೋಮ್‌ಸ್ಟೇ. ಕಾಟೇಜಿಗೊಂದರಂತೆ ಯೂನಿಫೈ ಆಕ್ಸೆಸ್ ಪಾಯಿಂಟ್. ಹಾಕಿಕೊಟ್ಟ ಗುತ್ತಿಗೆದಾರ ಅವನ್ನೆಲ್ಲ ನಿಭಾಯಿಸುವ ಕಂಟ್ರೋಲರ್ ತಂತ್ರಾಂಶವನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು ಹೋಗಿದ್ದ. ಪಾಸ್‌ವರ್ಡ್ ಬದಲಿಸಬೇಕೆಂದರೂ ಅವನೇ ಬರಬೇಕು, ಬಂದರೆ ವಿಸಿಟಿಂಗ್ ಚಾರ್ಜು. ಅಷ್ಟರಲ್ಲಿ ಆ ಪಾಸ್‌ವರ್ಡ್ ಅಕ್ಕಪಕ್ಕದ ತೋಟಗಳಿಗೂ ಬಾಯಿಪಾಠವಾಗಿತ್ತು. ಅತಿಥಿಗೊಂದು ವೋಚರ್ ಕೊಟ್ಟು, ಎರಡು ದಿನಕ್ಕೆ ತಾನಾಗಿ ಮುಗಿಯುವ ಹಾಗೆ ಮಾಡಿಕೊಡು ಅಂದರು ಭಾವ.

ಕಂಟ್ರೋಲರ್ ನಿಂತುಹೋದರೂ ಮಾಮೂಲಿ ಪಾಸ್‌ವರ್ಡಿನ ವೈಫೈ ನಡೆಯುತ್ತಲೇ ಇರುತ್ತದೆ, ಸೆಟ್ಟಿಂಗ್ ಆಕ್ಸೆಸ್ ಪಾಯಿಂಟಿನಲ್ಲೇ ಉಳಿದಿರುತ್ತದೆ. ಆದರೆ ವೋಚರ್ ಕೇಳುವ ಗೆಸ್ಟ್ ಪೋರ್ಟಲ್ ಬೇಕೆಂದರೆ ಕಂಟ್ರೋಲರ್ ಹಗಲೂ ರಾತ್ರಿ ಓಡುತ್ತಿರಬೇಕು. ಅದಕ್ಕೆಂದೇ ಮಾಡಿದ ಪುಟ್ಟ ಪೆಟ್ಟಿಗೆ ಸಿಗುತ್ತದೆ ಅಂದೆ. ಬೆಲೆ ಕೇಳಿ ಭಾವ ಗೋಡೌನಿನಿಂದ ಹಳೇ ಡೆಸ್ಕ್‌ಟಾಪ್ ತರಿಸಿದರು. ಕೋರ್ 2 ಡ್ಯುಯೊ. ಮೇಲೆ ಕಾಫಿ ಹೊಟ್ಟಿನ ಧೂಳು ಒಂದು ಪದರ.

ಒಬ್ಬ ಯಜಮಾನನಿಗೆ ಒಗ್ಗಿದ ಆಕ್ಸೆಸ್ ಪಾಯಿಂಟ್ ಇನ್ನೊಂದು ಕಂಟ್ರೋಲರಿನ ಮಾತು ಕೇಳುವುದಿಲ್ಲ. ಹಳೇ ಕಂಟ್ರೋಲರಿನಲ್ಲಿ ಇಟ್ಟಿದ್ದ ಎಸ್‌ಎಸ್‌ಎಚ್ ಪಾಸ್‌ವರ್ಡ್ ಸಿಕ್ಕಿದ್ದರೆ ಕೂತಲ್ಲೇ ಕೆಲಸ ಮುಗಿಯುತ್ತಿತ್ತು. ಆ ಮಹಾನುಭಾವ ಫೋನೇ ಎತ್ತಲಿಲ್ಲ. ಹಾಗಾಗಿ ಜಿಟಿಜಿಟಿ ಮಳೆಯಲ್ಲಿ ಏಣಿ ಹತ್ತಿ, ಸಣ್ಣ ತೂತಿಗೆ ಸೇಫ್ಟಿ ಪಿನ್ ಚುಚ್ಚಿ, ಹತ್ತು ಸೆಕೆಂಡು ಒತ್ತಿ ಹಿಡಿಯುವುದು. ಸಂಜೆಗೆ ಎಲ್ಲದರ ದೀಪವೂ ನೀಲಿ ಬಿಟ್ಟು ಬೆಳ್ಳಗಾಗಿತ್ತು. ಅಂದರೆ ಯಜಮಾನ ಬೇಕಾಗಿದ್ದಾನೆ ಅಂತ.

ಆಫೀಸಿಗೆ ಬಂದು ಕೂತೆ. ಉಬುಂಟು 22.04 ಮೊದಲೇ ಹಾಕಿಟ್ಟಿದ್ದೆ. ಯೂನಿಫೈ ಕಂಟ್ರೋಲರಿಗೆ ಆಗ ಜಾವಾ 17 ಬೇಕಿತ್ತು, ಮೊಂಗೊಡಿಬಿ ಡೇಟಾಬೇಸ್ ಬೇಕಿತ್ತು. 2018ರಲ್ಲಿ ಲೈಸೆನ್ಸ್ ಬದಲಾದ ಮೇಲೆ ಮೊಂಗೊಡಿಬಿಯನ್ನು ಲಿನಕ್ಸ್ ವಿತರಣೆಗಳು ಒಂದೊಂದಾಗಿ ಕೈಬಿಟ್ಟವು, ಅದರದೇ ರೆಪೊಸಿಟರಿ ಸೇರಿಸಿಕೊಳ್ಳಬೇಕು. ಸೇರಿಸಿ 7.0 ಹಾಕಿದೆ, ತಕರಾರಿಲ್ಲದೆ ಇಳಿಯಿತು. ಬ್ರೌಸರಿನಲ್ಲಿ 8443ನೇ ಪೋರ್ಟ್ ತೆರೆದರೆ ಪುಟವೇ ಬರಲಿಲ್ಲ. ಸರ್ವಿಸ್ ಏಳುತ್ತದೆ, ಬೀಳುತ್ತದೆ. ಕೊನೆಗೆ ಮೊಂಗೊ ಒಂದನ್ನೇ ಟರ್ಮಿನಲ್ಲಿನಲ್ಲಿ ಓಡಿಸಿದೆ. ಒಂದೇ ಸಾಲು: ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಕೋರ್ ಡಂಪ್ಡ್.

ಹೊರಗೆ ಬೆಂಗಳೂರಿನ ಎರಡು ಕಾರು ಬಂದು ನಿಂತವು. ಅದರಲ್ಲೊಬ್ಬರಿಗೆ ರಾತ್ರಿ ಒಂಬತ್ತಕ್ಕೆ ಅಮೆರಿಕದ ಮೀಟಿಂಗ್. ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ, ಅದೂ ಮಳೆ ಬಿಟ್ಟಾಗ. ಆಫೀಸಿನ ರೂಟರಿನದೊಂದು ಬಡ ವೈಫೈ ಇತ್ತು, ಅದು ವರಾಂಡ ದಾಟುತ್ತಿರಲಿಲ್ಲ. ಹಾಗಾಗಿ ಎಲ್ಲರೂ ವರಾಂಡದ ಬೆಂಚಿಗೆ ಬಂದು, ಶಾಲು ಹೊದ್ದು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿಟಕಿಯಿಂದ ನನ್ನನ್ನೇ ನೋಡತೊಡಗಿದರು. ಭಾವ ಹಿಂದೆ ಬಂದು ನಿಂತು, "ಇದರಲ್ಲಿ ಹತ್ತು ವರ್ಷ ಟ್ಯಾಲಿ ಓಡಿದೆ ಕಣಯ್ಯ, ಇದ್ಯಾವುದೋ ವೈಫೈ ಓಡಲ್ವಾ?" ಅಂದರು. ಅತಿಥಿಗಳಿಗೆ ಕೇಳಿಸುವ ಹಾಗೆ.

ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂದರೆ ಪ್ರೊಸೆಸರಿಗೆ ಗೊತ್ತಿಲ್ಲದ ಆಜ್ಞೆ. ಅದರ ಸೌಲಭ್ಯಗಳ ಪಟ್ಟಿಯಲ್ಲಿ ಎವಿಎಕ್ಸ್ ಎಂಬ ಆಜ್ಞೆಗಳ ಗುಂಪನ್ನು ಹುಡುಕಿದೆ, ಇರಲಿಲ್ಲ. ಇಂಟೆಲ್ ಅದನ್ನು ತಂದದ್ದು 2011ರ ಸ್ಯಾಂಡಿ ಬ್ರಿಡ್ಜ್ ಕಾಲಕ್ಕೆ. ಆಮೇಲೂ ಎಷ್ಟೋ ಪೆಂಟಿಯಮ್, ಸೆಲೆರಾನ್‌ಗಳಿಗೆ ಕೊಡಲಿಲ್ಲ. ಮೊಂಗೊಡಿಬಿ 5.0ರಿಂದ ಈಚೆಗೆ ಎವಿಎಕ್ಸ್ ಇಲ್ಲದ ಯಂತ್ರದಲ್ಲಿ ಏಳುವುದೇ ಇಲ್ಲ. 4.4 ಏಳುತ್ತದೆ, ಆದರೆ ಅದಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್ 1.1 ಉಬುಂಟು 22.04ರಲ್ಲಿಲ್ಲ. ಉಳಿದದ್ದು ಒಂದೇ ದಾರಿ, ಉಬುಂಟು 20.04. ಒಂದೂವರೆ ಜಿಬಿ ಹತ್ತಿರದ ಫೈಲು ಇಳಿಯಬೇಕು, ಇರುವ ಒಂದೇ ಲೈನಿನ ಮೇಲೆ ವರಾಂಡದವರೆಲ್ಲ ಕೂತಿದ್ದಾರೆ. ಒಂಬತ್ತರ ಮೀಟಿಂಗಿನವರು ಯಾರೋ ಡೌನ್‌ಲೋಡ್ ಮಾಡುತ್ತಿದ್ದಾರೆ ಅಂತ ದೂರನ್ನೂ ಕೊಟ್ಟರು. ಭಾವ ನನ್ನ ಕಡೆ ಕೈ ತೋರಿಸಿದರು. ಅವರ ಮೀಟಿಂಗ್ ಮುಗಿಯುವವರೆಗೆ ಡೌನ್‌ಲೋಡ್ ನಿಲ್ಲಿಸಿ, ಅಕ್ಕ ಕೊಟ್ಟ ಕಡುಬು ತಿಂದೆ.

ನಡುರಾತ್ರಿ ದಾಟಿದ ಮೇಲೆ ಲಾಗಿನ್ ಪುಟ ಬಂತು. ಆಕ್ಸೆಸ್ ಪಾಯಿಂಟುಗಳು ತಾವಾಗಿಯೇ ಪಟ್ಟಿಗೆ ಬಂದವು, ಒಂದು ಬಿಟ್ಟು. ಅದಕ್ಕೆ ಎಸ್‌ಎಸ್‌ಎಚ್‌ನಲ್ಲಿ ಹೊಕ್ಕು (ರೀಸೆಟ್ ಆದ ಮೇಲೆ ಹೆಸರೂ ಗುಟ್ಟೂ ಎರಡೂ ಯುಬಿಎನ್‌ಟಿ) ಸೆಟ್-ಇನ್‌ಫಾರ್ಮ್ ಆಜ್ಞೆಯಲ್ಲಿ ಕಂಟ್ರೋಲರಿನ ವಿಳಾಸ ಹೇಳಿಕೊಟ್ಟೆ. ಬೆಳಿಗ್ಗೆ ಕರೆಂಟ್ ಹೋಗಿ ಬಂದದ್ದೇ ತಡ, ಕಂಪ್ಯೂಟರಿಗೆ ಬೇರೆ ಐಪಿ ಸಿಕ್ಕಿ ಎಲ್ಲ ಆಕ್ಸೆಸ್ ಪಾಯಿಂಟುಗಳೂ ಡಿಸ್ಕನೆಕ್ಟೆಡ್. ರೂಟರಿನಲ್ಲಿ ಕಂಪ್ಯೂಟರಿಗೆ ಮೊದಲಿನ ಐಪಿಯನ್ನೇ ಕಾಯ್ದಿರಿಸಿದೆ. ಯುಪಿಎಸ್ ತನ್ನಿ ಅಂದದ್ದಕ್ಕೆ ಭಾವ ನಕ್ಕರು.

ಹೊಸದಾಗಿ ಮಾಡುವವರು ಎವಿಎಕ್ಸ್ ಇದೆಯಾ ನೋಡಿಕೊಂಡೇ ಕೈಹಾಕಿ. ಫೈರ್‌ವಾಲ್ ಇದ್ದರೆ 8080, 8443, ಪೋರ್ಟಲಿಗೆ 8880 ಮತ್ತು 8843, ಯುಡಿಪಿಯಲ್ಲಿ 3478 ಮತ್ತು 10001 ತೆರೆಯಿರಿ. ಮೊಂಗೊ ಪ್ಯಾಕೇಜನ್ನು ಹೋಲ್ಡ್ ಮಾಡಿಡಿ, ಅಪ್‌ಗ್ರೇಡ್ ನೆಪದಲ್ಲಿ ಮೇಲೇರದಿರಲಿ. ಆಟೋ ಬ್ಯಾಕಪ್ಪಿನ ಯುಎನ್‌ಎಫ್ ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಅದಿದ್ದರೆ ಏಣಿ ಬೇಡ. ಮೊಂಗೊ 4.4ರ ಅಧಿಕೃತ ಆಯುಷ್ಯ 2024ರ ಫೆಬ್ರವರಿಗೇ ಮುಗಿದಿದೆ, ಹಾಗಾಗಿ ಅದೂ ತಾತ್ಕಾಲಿಕವೇ. ಇದನ್ನು ಭಾವನಿಗೆ ಕಾಗದದಲ್ಲಿ ಬರೆದುಕೊಟ್ಟು ಸಹಿ ಹಾಕಿಸಿಕೊಂಡಿದ್ದೇನೆ.

ಹಳೇ ಗುತ್ತಿಗೆದಾರ ಈಗ ತಾನಾಗಿಯೇ ಫೋನ್ ಮಾಡಿ ವಾರ್ಷಿಕ ನಿರ್ವಹಣೆ ಮಾಡಿಕೊಡುತ್ತೇನೆ ಅನ್ನುತ್ತಿದ್ದಾನಂತೆ. ಭಾವ ಅವನಿಗೆ ನನ್ನ ನಂಬರ್ ಕೊಟ್ಟಿದ್ದಾರೆ.