ಶುಕ್ರ ಸಂಕ್ರಮವನ್ನು ಕನ್ನಡಕ್ಕೆ ತಂದ ರಘುನಾಥಾಚಾರಿ

"ವಿಜ್ಞಾನವನ್ನ ಕನ್ನಡದಲ್ಲಿ ಓದಿ ಏನು ಸಿಗುತ್ತೆ ಸಾರ್?" ಹಿಂದೂಪುರ, ಕಲ್ಯಾಣದುರ್ಗದ ಕಡೆ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನಮಗೆ ಈ ಪ್ರಶ್ನೆ ಹೊಸದಲ್ಲ. ಸುತ್ತ ತೆಲುಗು, ಮುಂದೆ ಕಾಲೇಜಿಗೆ ಹೋದರೆ ಇಂಗ್ಲಿಷು. ಸೌರವ್ಯೂಹದ ಪಾಠ ಬಂದಾಗ ಇದಕ್ಕೆ ಉತ್ತರವಾಗಿ 1874ರ ಒಂದು ಕಿರುಪುಸ್ತಕದ ವಿಷಯ ಹೇಳಬಹುದು.

ಆಗ ನಮ್ಮ ಊರುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅನಂತಪುರ ಜಿಲ್ಲೆ ಆದದ್ದು 1882ರಲ್ಲಿ. ಮದ್ರಾಸು ಇಂಗ್ಲಿಷರು ಮೊದಮೊದಲು ನೆಲೆಯೂರಿದ ಊರುಗಳಲ್ಲಿ ಒಂದು. ಅಲ್ಲಿ ಅವರಿಗೆ ಜಾಗ ಸಿಕ್ಕಿದ್ದು 1639ರಲ್ಲಿ. ಅಲ್ಲಿನ ವೀಕ್ಷಣಾಲಯ ಶುರುವಾದದ್ದು ಸರ್ಕಾರದ ಆದೇಶದಿಂದಲ್ಲ, ಒಬ್ಬನ ಹವ್ಯಾಸದಿಂದ. ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಎಗ್ಮೋರಿನಲ್ಲಿ ತನ್ನ ಸ್ವಂತ ವೀಕ್ಷಣಾಲಯ ಮಾಡಿಕೊಂಡ. ಹಡಗಿಗೆ, ನಕ್ಷೆಗೆ ರೇಖಾಂಶ ಬೇಕಿತ್ತಲ್ಲ, ಕಂಪನಿಯೇ ಅದನ್ನು ವಹಿಸಿಕೊಂಡು 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡ ಕಟ್ಟಿತು.

ಮುಂದೆ ಇಲ್ಲಿ ಸಹಾಯಕರಾಗಿ ದುಡಿದವರು ಚಿಂತಾಮಣಿ ರಘುನಾಥಾಚಾರಿ. ಬೆಳಕು ಏರಿಳಿಯುವ ಆರ್ ರೆಟಿಕ್ಯುಲಿ ಎಂಬ ನಕ್ಷತ್ರವನ್ನು 1867ರಲ್ಲಿ ಗುರುತಿಸಿದವರು ಇವರೇ. 1868ರ ಪೂರ್ಣ ಸೂರ್ಯಗ್ರಹಣ ನೋಡಲು ವನಪರ್ತಿಗೆ ಹೋಗಿದ್ದರು. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. ಇಷ್ಟಾದ ಮೇಲೆ ಇಂಗ್ಲಿಷಿನಲ್ಲಷ್ಟೇ ಬರೆದುಕೊಂಡು ಇರಬಹುದಿತ್ತು. ಆದರೆ 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮ ಹತ್ತಿರ ಬಂದಾಗ ಅದನ್ನು ಜನರಿಗೆ ತಿಳಿಸುವ ಪುಸ್ತಿಕೆಯನ್ನು ಇಂಗ್ಲಿಷಿನ ಜೊತೆಗೆ ನಮ್ಮ ನಾಡಭಾಷೆಗಳಲ್ಲೂ ತಂದರು. ಅದರಲ್ಲಿ ಕನ್ನಡವೂ ಒಂದು. ವಿವರಣೆ ಇರುವುದು ಸಂಭಾಷಣೆಯ ರೂಪದಲ್ಲಿ. ಪಂಚಾಂಗ ನಂಬುವ ಜನರನ್ನು ಅವರು ಹಳಿಯಲಿಲ್ಲ. ಆಕಾಶದಲ್ಲಿ ಕಣ್ಣಿಗೆ ಕಾಣುವುದಕ್ಕೆ ಹೊಂದುವ ದೃಗ್ಗಣಿತ ಪಂಚಾಂಗವನ್ನೇ ಮಾಡಿಕೊಟ್ಟರು. ನನಗೆ ಅವರ ಶೋಧಕ್ಕಿಂತ ಇದೇ ದೊಡ್ಡ ಕೆಲಸ ಅನಿಸುತ್ತದೆ.

ಶುಕ್ರ ಸಂಕ್ರಮಕ್ಕೆ ಅಷ್ಟು ಮಹತ್ವ ಯಾಕೆ? ಸೂರ್ಯ ಎಷ್ಟು ದೂರ ಎಂಬ ಲೆಕ್ಕ ಅದರಲ್ಲಿತ್ತು. ಭೂಮಿಯಿಂದ ಸೂರ್ಯನಿಗೆ 100 ಭಾಗ ದೂರ ಅಂದುಕೊಂಡರೆ, ಸಂಕ್ರಮದ ದಿನ ಶುಕ್ರ ನಮ್ಮಿಂದ ಸುಮಾರು 28 ಭಾಗದಲ್ಲಿ ಇರುತ್ತದೆ. ಈ ಅನುಪಾತ ಕೆಪ್ಲರನ ನಿಯಮದಿಂದ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಕಿಲೋಮೀಟರು.

ಇದನ್ನು ಗೋಡೆಯ ಮೇಲೆ ಮಾಡಿಸಿ. ಗೋಡೆಯಿಂದ 1 ಮೀಟರ್ ದೂರದಲ್ಲಿ ಮೇಜಿನ ಮೇಲೆ 20 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ. ಅವುಗಳ ನಡುವಿಗೆ ಸರಿಯಾಗಿ, ಗೋಡೆಯ ಕಡೆಗೆ 28 ಸೆಂ.ಮೀ. ಮುಂದೆ ಒಂದು ಪೆನ್ಸಿಲ್ ನಿಲ್ಲಿಸಿ. ವಿದ್ಯಾರ್ಥಿ ಒಂದೊಂದು ಗುರುತಿನಲ್ಲೂ ಕಣ್ಣಿಟ್ಟು ನೋಡಲಿ (ಒಂದೇ ಕಣ್ಣು, ಇನ್ನೊಂದು ಮುಚ್ಚಿರಲಿ). ಪೆನ್ಸಿಲ್ ಗೋಡೆಯ ಮೇಲೆ ಎಲ್ಲಿ ಕಾಣುತ್ತದೋ ಅಲ್ಲಿ ಜೊತೆಗಾರರು ಚಾಕ್‌ಪೀಸಿನಿಂದ ಗೆರೆ ಎಳೆಯಲಿ. ಎರಡು ಗೆರೆಗಳ ನಡುವೆ ಸುಮಾರು 51 ಸೆಂ.ಮೀ. ಬರಬೇಕು: 20 × 72 ÷ 28. ಐದಾರು ಸೆಂ.ಮೀ. ಹೆಚ್ಚುಕಮ್ಮಿ ಬಂದರೆ ಬೈಯಬೇಡಿ. 1874ರಲ್ಲೂ ಶುಕ್ರ ಸೂರ್ಯನ ಅಂಚು ಮುಟ್ಟಿದ ಕ್ಷಣದ ಬಗ್ಗೆ ವೀಕ್ಷಕರಿಗೆ ಒಮ್ಮತ ಬರಲಿಲ್ಲ.

ಈಗ ಆಕಾಶಕ್ಕೆ ಬನ್ನಿ. ಭೂಮಿಯ ಮೇಲೆ 6000 ಕಿ.ಮೀ. ಅಂತರದಲ್ಲಿ ಇಬ್ಬರು ನೋಡಿದರೆ, ಸೂರ್ಯನ ಮೇಲೆ ಶುಕ್ರನ ಚುಕ್ಕೆ ಸುಮಾರು 15,400 ಕಿ.ಮೀ. ಸರಿದಂತೆ ಕಾಣುತ್ತದೆ. ಅದು ಸೂರ್ಯಬಿಂಬದ ವ್ಯಾಸದಲ್ಲಿ ಸುಮಾರು 90ನೇ ಒಂದು ಭಾಗ ಅಂತ ಅಳೆದರೆ, ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ. ಆಯಿತು. ಸೂರ್ಯಬಿಂಬ ಅರ್ಧ ಡಿಗ್ರಿ ಕಾಣುವುದರಿಂದ ದೂರವೂ ಸಿಕ್ಕಿತು, ಸುಮಾರು 15 ಕೋಟಿ ಕಿ.ಮೀ. ಹತ್ತನೇ ತರಗತಿಯ ಗಣಿತ ಸಾಕು.

ಮುಂದಿನ ಶುಕ್ರ ಸಂಕ್ರಮ 2117ರ ಡಿಸೆಂಬರಿನಲ್ಲಿ. ನಮ್ಮ ಮಕ್ಕಳ ಮೊಮ್ಮಕ್ಕಳಿಗೆ ಇರಲಿ. ಬುಧ ಸಂಕ್ರಮ ಮಾತ್ರ 2032ರ ನವೆಂಬರ್ 13ರ ಮಧ್ಯಾಹ್ನ ನಮ್ಮ ಊರುಗಳಿಂದಲೇ ಕಾಣುತ್ತದೆ. ಬುಧನ ಚುಕ್ಕೆ ತೀರಾ ಸಣ್ಣದು, ಗ್ರಹಣದ ಕನ್ನಡಕದಲ್ಲಿ ಕಾಣದು. ಸಣ್ಣ ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿಯೇ ತೋರಿಸಬೇಕು. ಯಾರೂ ಅದರೊಳಗೆ ಇಣುಕಬಾರದು. ಆ ದಿನಕ್ಕೆ ಕನ್ನಡದಲ್ಲಿ ನಾಲ್ಕು ಪುಟದ ಸಂಭಾಷಣೆಯೊಂದನ್ನು ಮಕ್ಕಳಿಂದಲೇ ಬರೆಸಬಹುದು.