ಕಾವಿಗೆ ಕೂತ ಕೋಳಿಯ ತಂಟೆಗೆ ಹೋಗಬೇಡ

ಮರಿ ಮಾಡಿಸುವ ಮೆಷಿನ್ನು ತರಿಸಬೇಕು ಅಂತ ಫೋನಿನಲ್ಲಿ ರೇಟು ನೋಡ್ತಾ ಕೂತಿದ್ದೀಯಂತೆ. ನೂರಾರು ಮರಿ ಮಾರುವವರಿಗೆ ಅದು ಬೇಕು, ಇಲ್ಲ ಅನ್ನೋದಿಲ್ಲ. ನಿನ್ನ ಹಿತ್ತಲಲ್ಲಿ ಇರೋದು ಒಂದು ಹುಂಜ, ನಾಲ್ಕೈದು ನಾಟಿ ಹೇಟೆ. ನಮ್ಮೂರಿನ ಕರೆಂಟೋ, ಒಂದು ಗಾಳಿ ಬೀಸಿದರೆ ಸಾಕು, ಹೋಯಿತು. ಮೊಟ್ಟೆಗೆ ಬೇಕಾದ 37.5 ಡಿಗ್ರಿ ಶಾಖವನ್ನು ಕೋಳಿ ಹೊಟ್ಟೆಯಡಿಯಲ್ಲೇ ಇಟ್ಟುಕೊಂಡಿದೆ ಮಗ. ಮೆಷಿನ್ನು 21 ದಿನಕ್ಕೆ ಮರಿ ಕೊಟ್ಟು ಕೈತೊಳೆದುಕೊಳ್ಳುತ್ತೆ, ಆಮೇಲೆ ಬಲ್ಬು ಹಾಕಿ ಸಾಕೋ ಕೆಲಸ ನಿನ್ನದು. ಕೋಳಿ ಸಾಕಿಯೂ ಕೊಡುತ್ತೆ.

ಆದರೆ ಯಾವ ಕೋಳಿ ಅನ್ನೋದು ಮುಖ್ಯ. ಗಿರಿರಾಜ ಸಾಕಿದವರನ್ನು ಕೇಳು. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಮಾಡಿದ ತಳಿ, ಮೈಯೂ ಬರುತ್ತೆ, ಮೊಟ್ಟೆಯೂ ಇಡುತ್ತೆ. ಕೂತ್ಕೋ ಅಂದರೆ ಮಾತ್ರ ಅದಕ್ಕೆ ಪುರುಸೊತ್ತಿಲ್ಲ. ಅದರ ಮೊಟ್ಟೆಯನ್ನೂ ನಾಟಿ ಕೋಳಿಯ ಅಡಿಗೇ ಇಡಬೇಕು. ನಾಟಿಯಲ್ಲೂ ಎರಡು ಮೂರು ಸಲ ಮರಿ ಎಬ್ಬಿಸಿದ್ದನ್ನೇ ಆರಿಸು. ಚೊಚ್ಚಲು ಕೋಳಿಗೆ ಹುಮ್ಮಸ್ಸೇನೋ ನಿನ್ನ ಹಾಗೆಯೇ ಜಾಸ್ತಿ, ಎರಡನೇ ವಾರಕ್ಕೆ ಬೇಜಾರಾಗಿ ಎದ್ದು ಹೋಗುತ್ತೆ.

ಕಾವಿಗೆ ಬಂದ ಕೋಳಿಯನ್ನು ಗುರುತು ಹಿಡಿಯೋದಕ್ಕೆ ಯಾರ ಪಾಠವೂ ಬೇಡ. ಉಳಿದವು ಸಂಜೆ ಕೋಲು ಹತ್ತಿದರೆ ಇದು ಮೊಟ್ಟೆಯ ಜಾಗ ಬಿಟ್ಟು ಏಳೋದಿಲ್ಲ. ಕೈ ಚಾಚಿದರೆ ಗರಿ ಕೆದರಿಕೊಂಡು ‘ಕೊರ್ರ್’ ಅನ್ನುತ್ತೆ, ಕುಕ್ಕುತ್ತೆ. ನಡೆದರೆ ‘ಲೊಕ್ ಲೊಕ್’. ಎದೆಯ ಪುಕ್ಕ ಉದುರಿ ಬರೀ ಚರ್ಮ ಕಾಣುತ್ತೆ, ಆ ಬಿಸಿ ಚರ್ಮ ನೇರವಾಗಿ ಮೊಟ್ಟೆಗೆ ತಾಗಲಿ ಅಂತ. ಅಷ್ಟಾದರೂ ಅವತ್ತೇ ಒಳ್ಳೆ ಮೊಟ್ಟೆ ಇಟ್ಟುಬಿಡಬೇಡ. ಎರಡು ಮೂರು ರಾತ್ರಿ ಒಂದೆರಡು ಕೆಲಸಕ್ಕೆ ಬಾರದ ಮೊಟ್ಟೆ ಕೊಟ್ಟು ನೋಡು. ಅದಕ್ಕೂ ಅಲುಗದೆ ಕೂತರೆ ನಂಬಬಹುದು. ಇನ್ನೊಂದು ಮಾತು. ಕೆಲವರು ಕಾವು ಬಿಡಿಸೋಕೆ ಕೋಳಿಯನ್ನು ನೀರಿಗೆ ಅದ್ದುತ್ತಾರೆ, ಮೂಗಿಗೆ ಗರಿ ಚುಚ್ಚುತ್ತಾರೆ. ನಮ್ಮ ಮನೆಯಲ್ಲಿ ಅದು ಬೇಡ.

ಅಂಗಡಿಯ ಬಿಳಿ ಮೊಟ್ಟೆ ಇಡ್ತೀನಿ ಅಂತ ಮಾತ್ರ ಹೇಳಬೇಡ, ನಗ್ತಾರೆ. ಆ ಕೋಳಿಗಳು ಹುಂಜದ ಮುಖ ಕಂಡಿರೋದಿಲ್ಲ. ನಿನ್ನ ಹಿತ್ತಲಿನದೇ ಕೂಡಿಸು. ಫ್ರಿಜ್ಜಿಗೆ ಇಡದೆ, ತಂಪು ಮೂಲೆಯಲ್ಲಿ ರಾಗಿಯೋ ಅಕ್ಕಿಯೋ ತುಂಬಿದ ಪಾತ್ರೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡು. ಗಾಳಿಯ ಚೀಲ ಇರೋದು ದಪ್ಪ ತುದಿಯಲ್ಲಿ. ವಾರ ದಾಟಿದ ಮೊಟ್ಟೆಯನ್ನು ಸಾರಿಗೆ ಹಾಕು. ಬೇಸಿಗೆಯಲ್ಲಿ ಅಷ್ಟು ದಿನವೂ ತಡೆಯೋದಿಲ್ಲ. ತೊಳೆಯಬೇಡ, ಚಿಪ್ಪಿನ ಮೇಲಿನ ಪೊರೆ ಹೋದರೆ ಕೊಳಕು ಒಳಗೆ ಹೋಗುತ್ತೆ.

ಈಗ ನಿನ್ನ ದುರಾಸೆಯ ವಿಷಯ. ನಾಟಿ ಕೋಳಿಗೆ 10, ಮೈ ದೊಡ್ಡದಿದ್ದರೆ 12. ಗಿರಿರಾಜದ ಮೊಟ್ಟೆ ದಪ್ಪ, ಅದಾದರೆ ಇನ್ನೂ ಕಡಿಮೆ. ‘ಹದಿನೆಂಟು ಇಡೋಣ, ಹನ್ನೆರಡಾದರೂ ಮರಿ ಆಗುತ್ತೆ’ ಅಂತ ಲೆಕ್ಕ ಹಾಕ್ತೀಯ, ಗೊತ್ತು ನನಗೆ. ಕೋಳಿ ದಿನವೂ ಮೊಟ್ಟೆ ಹೊರಳಿಸುತ್ತೆ, ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವಿಗೆ ತಳ್ಳುತ್ತೆ. ಹೆಚ್ಚಾದರೆ ಇವತ್ತು ಇದು, ನಾಳೆ ಅದು ಹೊರಗೆ ಉಳಿದು ತಣ್ಣಗಾಗುತ್ತೆ. ಹೆಚ್ಚಿನ ಆರು ಮಾತ್ರ ಕೆಡೋದಿಲ್ಲ, ಒಳ್ಳೆಯವೂ ಕೆಡುತ್ತವೆ. ಎಲ್ಲವನ್ನೂ ಒಂದೇ ರಾತ್ರಿ ಇಡು. ಇವತ್ತು ನಾಲ್ಕು ನಾಳಿದ್ದು ನಾಲ್ಕು ಇಟ್ಟರೆ, ಮೊದಲ ಮರಿ ಎದ್ದಾಗ ತಾಯಿ ಅದರ ಹಿಂದೆ ಹೋಗುತ್ತೆ, ಉಳಿದವು ಅರ್ಧಕ್ಕೇ ಸಾಯುತ್ತವೆ. ಪೆನ್ಸಿಲಿನಲ್ಲಿ ಗುರುತು ಹಾಕು. ಬೇರೆ ಹೇಟೆಗಳು ಬಂದು ಅದೇ ಬುಟ್ಟಿಯಲ್ಲಿ ಇಟ್ಟು ಹೋಗುತ್ತವೆ, ಗುರುತಿಲ್ಲದ್ದನ್ನು ತೆಗೆದುಬಿಡು.

ಬುಟ್ಟಿಗೆ ತಳದಲ್ಲಿ ಒಂದಿಷ್ಟು ಮರಳು, ಮೇಲೆ ಮೆತ್ತಗೆ ಹುಲ್ಲು. ಕತ್ತಲು ಕತ್ತಲಾದ ಮೂಲೆ ಇರಲಿ, ಬೆಕ್ಕು ಹಾವು ನುಗ್ಗದ ಜಾಗ. ಕೂರಿಸುವ ಮುಂಚೆ ಗರಿ ಬಿಡಿಸಿ ಹೇನು ನೋಡು, ಪಕ್ಕದಲ್ಲಿ ಒಲೆಬೂದಿ ಸುರಿದಿಡು, ಹೊರಳಾಡಿಕೊಳ್ಳುತ್ತೆ. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಪಕ್ಕದ ಮನೆಯವರು ಕಬ್ಬಿಣದ ಚೂರು, ಇದ್ದಿಲು ಇಡು ಅನ್ನಬಹುದು. ಇಟ್ಟರೆ ಗಂಟೇನೂ ಹೋಗೋದಿಲ್ಲ, ಅವರ ಜೊತೆ ವಾದಕ್ಕೆ ಹೋಗಬೇಡ.

ಕೂತ ಮೇಲೆ ನಿನ್ನ ಕೆಲಸ ಕಮ್ಮಿ. ನಿನಗೆ ಕಷ್ಟ ಆಗೋದೂ ಅಲ್ಲೇ. ಕೋಳಿ ದಿನಕ್ಕೊಂದು ಸಲ ಏಳುತ್ತೆ. ಕಾಳು ತಿಂದು, ನೀರು ಕುಡಿದು, ಮೂಗು ಮುಚ್ಚಿಕೊಳ್ಳುವಷ್ಟು ನಾತದ ಹಿಕ್ಕೆ ಹಾಕಿ, ಕಾಲು ಗಂಟೆಯಲ್ಲಿ ವಾಪಸ್ಸು. ಕಾಳು, ನೀರು ಹತ್ತಿರ ಇಟ್ಟು ಸರಿದುಕೋ. ‘ಮೊಟ್ಟೆ ತಣ್ಣಗಾಯಿತು’ ಅಂತ ಅಟ್ಟಿಸಿಕೊಂಡು ಹೋಗಿ ಕೂರಿಸಬೇಡ, ಅಷ್ಟು ಹೊತ್ತು ತಣ್ಣಗಾದರೆ ಏನೂ ಆಗೋದಿಲ್ಲ. ಏಳೆಂಟನೇ ದಿನ ರಾತ್ರಿ ಒಂದೇ ಒಂದು ಸಲ ಟಾರ್ಚು ಹಿಡಿದು ನೋಡು. ಒಳಗೆ ಕೆಂಪು ನರ ಹರಡಿದ್ದರೆ ಜೀವ ಕಟ್ಟಿದೆ. ಬೆಳಕು ಸಲೀಸಾಗಿ ಹಾದರೆ ಅದು ಬರೀ ಮೊಟ್ಟೆ, ತೆಗೆ. ಗೆಳೆಯರು ಬಂದಾಗಲೆಲ್ಲ ಕೋಳಿ ಎತ್ತಿ ತೋರಿಸಿ ವಿಡಿಯೋ ಮಾಡಿದರೆ, ಅದು ಬುಟ್ಟಿ ಬಿಟ್ಟು ಹೋಗುತ್ತೆ.

ಹದಿನೆಂಟನೇ ದಿನದಿಂದ ಕೈ ಕಟ್ಟಿಕೋ. ಇಪ್ಪತ್ತಕ್ಕೆ ಚಿಪ್ಪಿನ ಒಳಗಿಂದಲೇ ‘ಚಿಂವ್’ ಅನ್ನುತ್ತೆ, ತಾಯಿ ಮೆಲ್ಲಗೆ ಓಗೊಡುತ್ತೆ. ಬಿರುಕು ಬಿಟ್ಟ ಮರಿ ಪೂರ್ತಿ ಹೊರಬರೋಕೆ ಕೆಲವು ಸಲ ಒಂದು ದಿನವೇ ಹಿಡಿಯುತ್ತೆ. ಪಾಪ ಅಂತ ಉಗುರು ಹಾಕಿ ಬಿಡಿಸಿದೆಯೋ, ರಕ್ತ ಬರುತ್ತೆ. ಒಳಪೊರೆಯ ನರದಲ್ಲಿ ರಕ್ತ ಇನ್ನೂ ಹರಿಯುತ್ತಿರುತ್ತೆ, ಹಳದಿ ಲೋಳೆಯನ್ನು ಹೊಟ್ಟೆಗೆ ಎಳೆದುಕೊಳ್ಳೋದು ಮುಗಿದಿರೋದಿಲ್ಲ. ಆ ಹಳದಿಯೇ ಅದಕ್ಕೆ ಎರಡು ದಿನದ ಬುತ್ತಿ. ಅದಕ್ಕೇ ಮೊದಲು ಬಂದವು ಉಪವಾಸ ಬೀಳದೆ, ಕೊನೆಯದು ಬರೋತನಕ ತಾಯಿ ರೆಕ್ಕೆಯಡಿ ಕಾಯುತ್ತವೆ. ಕೋಳಿ ತುಳಿದು ಮರಿ ಸಾಯುತ್ತಾ ಅಂತ ಗಾದೆ ಇದೆ ನಿಜ. ಕಿರಿದಾದ, ಆಳದ ಬುಟ್ಟಿಯಲ್ಲಿ ಸಾಯುತ್ತೆ. ಗಾದೆ ನಂಬಿ ಸಣ್ಣ ಬುಟ್ಟಿ ಕೊಡಬೇಡ.

ಮರಿಗೆ ನುಚ್ಚು, ಸಿಕ್ಕಿದರೆ ಗೆದ್ದಲು. ನೀರನ್ನು ತಟ್ಟೆಯಲ್ಲಿ ಇಟ್ಟು ಕಲ್ಲು ಹಾಕು, ಇಲ್ಲದಿದ್ದರೆ ಮುಳುಗುತ್ತವೆ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಕಣ್ಣಿಗೆ ಬಿಡಿಸು, ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟಿರು. ಇದನ್ನು ನಾಳೆ ನಾಳೆ ಅಂತ ತಳ್ಳಿದ ಮನೆಗಳಲ್ಲಿ ಗೂಡಿಗೆ ಗೂಡೇ ಖಾಲಿಯಾಗಿದ್ದನ್ನು ನೋಡಿದ್ದೀನಿ. ಮೊದಲ ಒಂದೆರಡು ವಾರ ಮಧ್ಯಾಹ್ನದ ಹೊತ್ತು ತಾಯಿ ಸಮೇತ ಕುಕ್ಕೆ ಮುಚ್ಚು. ಹದ್ದಿನ ಮೇಲೆ ತಾಯಿಯೇ ಎಗರುತ್ತೆ, ಕಾಗೆ ಮುಂಗುಸಿ ಮಾತ್ರ ಕಣ್ಣು ತಪ್ಪಿಸಿ ಬರುತ್ತವೆ.

ಎರಡು ತಿಂಗಳ ಹೊತ್ತಿಗೆ ಅದೇ ತಾಯಿ ಮರಿಗಳನ್ನು ಕುಕ್ಕಿ ಓಡಿಸುತ್ತೆ. ಕೋಳಿಗೆ ಹುಚ್ಚು ಹಿಡಿಯಿತು ಅಂತ ಗಾಬರಿಯಾಗಬೇಡ, ಮತ್ತೆ ಮೊಟ್ಟೆಗೆ ಬರುವ ಹೊತ್ತದು. ಆ ಸರದಿಯ ಮೊಟ್ಟೆ ನೀವು ತಿನ್ನಿ. ಕೂತೂ ಕೂತೂ ಮೈ ಇಳಿದಿರುತ್ತೆ, ಕೂಡಲೇ ಕಾವಿಗೆ ಹಾಕಬೇಡ. ಮುಂದಿನ ಸಲ ನಿನ್ನ ಹಿತ್ತಲಿನ ಚುಕ್ಕೆ ಹೇಟೆಯನ್ನು ನೋಡು. ಅದು ಸಂಜೆ ಕೋಲು ಹತ್ತೋದು ಬಿಟ್ಟ ದಿನ ಫೋನ್ ಮಾಡು, ನಮ್ಮ ಹುಂಜದ ತಳಿಯ ಮೊಟ್ಟೆ ಕಳಿಸ್ತೀನಿ.